ಗ್ರಹಣದ ಬೆಳಗ್ಗೆ ಒಂಬತ್ತೂ ಇಪ್ಪತ್ತೈದು

ಸಂಕ್ರಾಂತಿಗೆ ಊರಿಗೆ ಹೋಗುವಾಗ ತಂಗಿಯ ಮದುವೆ ಫೋಟೋಗಳನ್ನೆಲ್ಲ ಒಂದು ಪೆನ್‌ಡ್ರೈವ್‌ಗೆ ಹಾಕಿಕೊಂಡಿದ್ದೆ. ಅಮ್ಮನಿಗೆ ಟಿವಿಯಲ್ಲಿ ದೊಡ್ಡದಾಗಿ ತೋರಿಸಬೇಕು ಅಂತ ಆಸೆ. ಅಮ್ಮ ಅಡಿಕೆ ಸುಲಿಯುವುದನ್ನು ಅರ್ಧಕ್ಕೆ ಬಿಟ್ಟು, ಕೈ ಒರೆಸಿಕೊಂಡು ಬಂದು ಕೂತಳು. ಮೊದಲು ಚಪ್ಪರ ಬಂತು. ದಿಬ್ಬಣ ಬಂತು. ಆಮೇಲೆ ಊಟದ ಪಂಕ್ತಿ ಬಂತು, ದೊಡ್ಡಪ್ಪ ಬಗ್ಗಿ ಬಗ್ಗಿ ಪಾಯಸ ಬಡಿಸುತ್ತಿದ್ದಾರೆ. ಅದೆಲ್ಲ ಮುಗಿದ ಮೇಲೆ ಅಂತರಪಟ ಸರಿಯಿತು, ಧಾರೆ ಆಯಿತು.

"ಎಂತದೇ ಇದು? ಊಟ ಮಾಡಿ ಕೈ ತೊಳೆದು ಆಮೇಲೆ ಧಾರೆ ಎರೆದ್ವಾ ನಾವು?" ಅಂದಳು ಅಮ್ಮ.

ಅವಳು ನಕ್ಕು ಮುಂದಿನ ಫೋಟೋ ನೋಡಿದಳು. ನನಗೆ ನಗು ಬರಲಿಲ್ಲ. ಆ ಫೋಟೋದಲ್ಲಿ ಧಾರೆ ಎರೆಯುತ್ತಿರುವುದು ಅಪ್ಪಯ್ಯ. ಅಪ್ಪಯ್ಯ ಹೋಗಿ ಎರಡು ವರ್ಷ ಆಯಿತು. ಬೆಳಗಿನಿಂದ ಉಪವಾಸ ಇದ್ದು ಮಗಳನ್ನು ಧಾರೆ ಎರೆದು ಕೊಟ್ಟವರು ಅವರು. ಅವರ ಫೋಟೋ ಪಾಯಸದ ಹಿಂದೆ ಹೋಗಿ ಕೂತಿದೆ ಅಂದರೆ ಅದು ಸಣ್ಣ ತಪ್ಪು ಅಂತ ನನಗೆ ಅನ್ನಿಸಲಿಲ್ಲ. ಅವತ್ತೇ ರಾತ್ರಿ ಲ್ಯಾಪ್‌ಟಾಪ್ ತೆಗೆದು ಕೂತೆ. ಆಮೇಲಿನ ತಿಂಗಳಿಡೀ, ಶಿವಮೊಗ್ಗದಲ್ಲಿ ಕೆಲಸ ಮುಗಿಸಿ ಬಂದು ದಿನಾ ಎರಡು ಗಂಟೆ, ನಮ್ಮ ಮನೆಯ ಫೋಟೋಗಳ ಗಡಿಯಾರ ಸರಿ ಮಾಡುವುದೇ ಆಯಿತು.

ಮದುವೆಯ ಗೊಂದಲ ಸುಲಭದ್ದು. ಸ್ಟುಡಿಯೋದವರ ಎರಡು ಕ್ಯಾಮೆರಾ ಇದ್ದವು. ಮೂರನೆಯದು ಮಸ್ಕತ್‌ನಿಂದ ಬಂದಿದ್ದ ಚಿಕ್ಕಪ್ಪನ ಮಗನದು. ಅವನ ಕ್ಯಾಮೆರಾ ಇನ್ನೂ ಮಸ್ಕತ್ ಸಮಯದಲ್ಲೇ ಇತ್ತು. ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದೆ. ಹಾಗಾಗಿ ಅವನು ಮಧ್ಯಾಹ್ನ ಒಂದು ಗಂಟೆಗೆ ತೆಗೆದ ಊಟದ ಫೋಟೋ ಹನ್ನೊಂದೂವರೆಯದು ಅಂತ ದಾಖಲಾಗಿ, 11:42ರ ಧಾರೆಗಿಂತ ಮುಂದೆ ಬಂದು ನಿಂತಿತು. ಅಷ್ಟೇ.

ಸರಿ ಮಾಡುವುದಕ್ಕೆ ಮೂರೂ ಕ್ಯಾಮೆರಾದಲ್ಲಿ ಸಿಕ್ಕಿರುವ ಒಂದೇ ಕ್ಷಣ ಬೇಕು. ಅಂತರಪಟ ಸರಿಯುವ ಹೊತ್ತು ಅದಕ್ಕೆ ಬಹಳ ಒಳ್ಳೆಯದು. ಬಟ್ಟೆ ಸರಿಯುವುದು ಒಂದೇ ಸಲ. ಜೀರಿಗೆ ಬೆಲ್ಲ ಗಾಳಿಯಲ್ಲಿ ಇರುವುದು ಒಂದೇ ಕ್ಷಣ. ಆ ಕ್ಷಣಕ್ಕೆ ಸ್ಟುಡಿಯೋದ ಒಂದು ಕ್ಯಾಮೆರಾ 11:42 ಹೇಳಿತು, ಇನ್ನೊಂದು 11:49 ಹೇಳಿತು, ಮಸ್ಕತ್‌ನದು 10:11 ಹೇಳಿತು. ಯಾವುದನ್ನು ನಂಬುವುದು? ಜಗುಲಿಯ ಗೋಡೆ ಗಡಿಯಾರ ಒಂದು ಫೋಟೋದಲ್ಲಿ ಚೆನ್ನಾಗಿ ಕಾಣುತ್ತಿತ್ತು. ಆದರೆ ಅದನ್ನು ಬಸ್ ತಪ್ಪಬಾರದು ಅಂತ ಅಪ್ಪಯ್ಯ ಯಾವಾಗಲೂ ಸ್ವಲ್ಪ ಮುಂದೆ ಇಡುತ್ತಿದ್ದರು. ಕೊನೆಗೆ ತಂಗಿಯ ಗೆಳತಿ ಮೊಬೈಲ್‌ನಲ್ಲಿ ತೆಗೆದ ಫೋಟೋ ಸಿಕ್ಕಿತು. ಮೊಬೈಲ್ ತನ್ನ ಸಮಯವನ್ನು ನೆಟ್‌ವರ್ಕ್‌ನಿಂದ ತೆಗೆದುಕೊಳ್ಳುತ್ತದೆ, ಹಾಗಾಗಿ ನಂಬಬಹುದು. ಅದರಲ್ಲಿ 11:42. ಎರಡನೆಯ ಕ್ಯಾಮೆರಾ ಏಳು ನಿಮಿಷ ಹಿಂದೆ ಬಂತು, ಮಸ್ಕತ್‌ನದು ಒಂದು ಗಂಟೆ ಮೂವತ್ತೊಂದು ನಿಮಿಷ ಮುಂದೆ ಹೋಯಿತು. ಮೂವರ ಫೋಟೋಗಳೂ ಒಂದೇ ಫೋಲ್ಡರ್‌ನಲ್ಲಿ ಕಲಸಿ ಹೋಗಿದ್ದವು, ಆದರೆ ತೊಂದರೆ ಆಗಲಿಲ್ಲ. ಪ್ರತಿ ಫೈಲ್‌ನಲ್ಲೂ ಯಾವ ಕಂಪನಿಯ ಯಾವ ಮಾಡೆಲ್ ಕ್ಯಾಮೆರಾ ಅಂತ ಬರೆದಿರುತ್ತದೆ.

ಈಗ ನಮ್ಮ ಮನೆಯಲ್ಲಿ ಯಾವುದೇ ಕಾರ್ಯ ಇದ್ದರೂ ಬೆಳಗ್ಗೆ ಎಲ್ಲ ಕ್ಯಾಮೆರಾದಲ್ಲೂ ಒಂದೊಂದು ಸಲ ನನ್ನ ಮೊಬೈಲ್‌ನ ಗಡಿಯಾರದ ಫೋಟೋ ತೆಗೆಸುತ್ತೇನೆ. ಸೆಕೆಂಡು ಕಾಣುವ ಹಾಗೆ. ಅದೊಂದು ಫೋಟೋ ಇದ್ದರೆ ಆಮೇಲೆ ಎಂಥ ತಪ್ಪನ್ನೂ ಸರಿ ಮಾಡಬಹುದು.

ಫೋಟೋ ಫೈಲ್ ಅಂದರೆ ಬರೀ ಚಿತ್ರ ಅಲ್ಲ. ಮಂಡಿಗೆ ಹೋಗುವ ಅಡಿಕೆ ಮೂಟೆಗೆ ಗುರುತು ಹಾಕುವ ಹಾಗೆ ಅದರ ಒಳಗೇ ಒಂದು ಚೀಟಿ ಇರುತ್ತದೆ. ಅದಕ್ಕೆ ಎಕ್ಸಿಫ್ ಅನ್ನುತ್ತಾರೆ. 1995ರಲ್ಲಿ ಜಪಾನ್‌ನ ಎಲೆಕ್ಟ್ರಾನಿಕ್ಸ್ ಉದ್ಯಮದವರ ಸಂಘ ಮಾಡಿದ ಕ್ರಮ ಇದು. ಆ ಚೀಟಿಯಲ್ಲಿ ಮೂರು ತಾರೀಖುಗಳಿಗೆ ಜಾಗ ಇದೆ. ಫೋಟೋ ತೆಗೆದದ್ದು ಯಾವಾಗ, ಅದು ಡಿಜಿಟಲ್ ಆದದ್ದು ಯಾವಾಗ, ಕೊನೆಯ ಸಲ ಬದಲಾದದ್ದು ಯಾವಾಗ. ಡಿಜಿಟಲ್ ಕ್ಯಾಮೆರಾದಲ್ಲಿ ಮೊದಲ ಎರಡೂ ಒಂದೇ. ಹಳೆಯ ಫೋಟೋ ಸ್ಕ್ಯಾನ್ ಮಾಡಿದರೆ ಮಾತ್ರ ಬೇರೆ ಬೇರೆ. ಇದಲ್ಲದೆ ಕಂಪ್ಯೂಟರ್ ತನ್ನದೇ ಲೆಕ್ಕಕ್ಕೆ ಫೈಲ್‌ನ ಹೊರಗೆ ಇನ್ನೊಂದು ತಾರೀಖು ಇಟ್ಟುಕೊಳ್ಳುತ್ತದೆ. ಬಹಳ ಜನ ಅದನ್ನೇ ಫೋಟೋದ ತಾರೀಖು ಅಂದುಕೊಳ್ಳುತ್ತಾರೆ. ಫೈಲ್ ಅನ್ನು ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ನಕಲು ಮಾಡುತ್ತಾ ಹೋದರೆ ಅದು ಬದಲಾಗಬಹುದು. ಅದನ್ನು ಯಾವತ್ತೂ ನೆಚ್ಚಿಕೊಳ್ಳಬಾರದು.

ನನಗೆ ಆಶ್ಚರ್ಯ ಆದದ್ದು ಬೇರೆ. ಈ ಚೀಟಿಯಲ್ಲಿ 2016ರವರೆಗೆ ಎಲ್ಲಿಯ ಗಂಟೆ ಅಂತ ಹೇಳುವ ಜಾಗವೇ ಇರಲಿಲ್ಲ. 10:11 ಅಂತ ಇರುತ್ತದೆ, ಅಷ್ಟೇ. ಮಸ್ಕತ್‌ನ ಹತ್ತೋ, ನಮ್ಮ ಸಾಗರದ ಹತ್ತೋ ಗೊತ್ತಾಗುವುದಿಲ್ಲ. 2016ರ ಆವೃತ್ತಿಯಲ್ಲಿ ಅದಕ್ಕೂ ಒಂದು ಜಾಗ ಸೇರಿಸಿದರು. ಆದರೂ ಹಳೆಯ ಕ್ಯಾಮೆರಾಗಳಿಗೆ ಅದು ಗೊತ್ತಿಲ್ಲವಲ್ಲ.

ನಾನು ಬಳಸಿದ್ದು ಎಕ್ಸಿಫ್‌ಟೂಲ್. ಫಿಲ್ ಹಾರ್ವೆ ಅನ್ನುವವರು 2003ರಿಂದ ಬರೆದು, ತಿದ್ದಿ, ಉಚಿತವಾಗಿ ಕೊಡುತ್ತಿರುವ ಪ್ರೋಗ್ರಾಂ. ಕೀಲಿಮಣೆಯಲ್ಲಿ ಆದೇಶ ಕುಟ್ಟುವುದು ಇಷ್ಟವಿಲ್ಲದಿದ್ದರೆ ಡಿಜಿಕ್ಯಾಮ್ ಇದೆ, ಅದೂ ಉಚಿತ. ಅದರಲ್ಲಿ ನೂರು ಫೋಟೋ ಆರಿಸಿ ಇಷ್ಟು ಗಂಟೆ ಮುಂದೆ, ಇಷ್ಟು ನಿಮಿಷ ಹಿಂದೆ ಅಂತ ಹೇಳಿದರೆ ಸಾಕು. ಎಕ್ಸಿಫ್‌ಟೂಲ್‌ನ ಒಂದು ಗುಣ ನನಗೆ ಬಹಳ ಹಿಡಿಸಿತು. ಸುಮ್ನೆ ಬಿಟ್ಟರೆ ಅದು ಪ್ರತಿ ಫೈಲ್‌ನ ಹಳೆಯ ಪ್ರತಿಯನ್ನು ಪಕ್ಕದಲ್ಲೇ ಉಳಿಸಿಕೊಳ್ಳುತ್ತದೆ. ಜಾಗ ತಿನ್ನುತ್ತದೆ ಅಂತ ಅದನ್ನು ಮೊದಲೇ ಅಳಿಸಬೇಡಿ. ಇನ್ನೊಂದು ಮಾತು. ಗೂಗಲ್ ಫೋಟೋಸ್‌ನಂಥ ಕಡೆ ತಾರೀಖು ತಿದ್ದಿದರೆ ಅದು ಅಲ್ಲಿಯ ಪಟ್ಟಿಯಲ್ಲಿ ಮಾತ್ರ ಬದಲಾಗುತ್ತದೆ. ಫೈಲ್ ಒಳಗಿನ ಚೀಟಿ ಹಾಗೇ ಇರುತ್ತದೆ. ನಾನು ಫೈಲ್ ಒಳಗೇ ಸರಿ ಇರಬೇಕು ಅನ್ನುವವಳು. ಮುಂದೆ ಯಾವ ಪ್ರೋಗ್ರಾಂ ಇರುತ್ತದೋ ಯಾವುದು ಹೋಗುತ್ತದೋ, ಫೋಟೋ ಮಾತ್ರ ನಮ್ಮದು ಅಲ್ವಾ.

ವಿಡಿಯೋದಲ್ಲಿ ನಾನು ಎಡವಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

2018ರ ಭೂಮಿ ಹುಣ್ಣಿಮೆ. ಅಕ್ಟೋಬರ್ 24ರ ನಸುಕು. ನಮ್ಮ ಕಡೆ ಅವತ್ತು ಭೂಮಿತಾಯಿಗೆ ಬಯಕೆ ಊಟ. ಹೆಂಗಸರು ರಾತ್ರಿಯಿಡೀ ನಿದ್ದೆ ಮಾಡದೆ ಅಡುಗೆ ಮಾಡುತ್ತಾರೆ. ಬಗೆಬಗೆಯ ಸೊಪ್ಪು ಬೇಯಿಸಿ ಚರಗ ಮಾಡಿ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಇಟ್ಟುಕೊಂಡು, ಬೆಳಕು ಹರಿಯುವ ಮುಂಚೆ ಗದ್ದೆಗೆ ಹೋಗಿ ಬೀರಿ ಬರಬೇಕು. ನನ್ನ ಮೊಬೈಲ್‌ನಲ್ಲಿ ರಾತ್ರಿ ಹನ್ನೊಂದರ ಅಡುಗೆ ಮನೆಯ ಫೋಟೋಗಳಿವೆ. ಬೆಳಗಿನ ಜಾವ 4:35ಕ್ಕೆ ಬ್ಯಾಟರಿ ಬೆಳಕಿನಲ್ಲಿ ಎಲ್ಲರೂ ಗದ್ದೆ ಬದುವಿನ ಮೇಲೆ ನಡೆಯುತ್ತಿರುವ ವಿಡಿಯೋ ಇದೆ. ಕಂಪ್ಯೂಟರ್‌ಗೆ ಹಾಕಿದರೆ ಆ ವಿಡಿಯೋ ಹಿಂದಿನ ದಿನ ರಾತ್ರಿ 11:05ಕ್ಕೆ ಹೋಗಿ ಕೂತಿತು. ಸೊಪ್ಪು ಇನ್ನೂ ಹೆಚ್ಚುತ್ತಿದ್ದಾರೆ, ಅಷ್ಟರಲ್ಲೇ ಬುಟ್ಟಿ ಹೊತ್ತು ಗದ್ದೆಗೆ ಹೊರಟಾಯಿತು!

ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ. ಕಾರಣ ಹೀಗೆ. ಎಂಪಿ4 ಥರದ ವಿಡಿಯೋ ಫೈಲ್‌ಗಳು ಎಕ್ಸಿಫ್ ಹಾಗೆ ತಾರೀಖನ್ನು ಅಕ್ಷರದಲ್ಲಿ ಬರೆಯುವುದಿಲ್ಲ. 1904ರ ಜನವರಿ 1ರಿಂದ ಎಷ್ಟು ಸೆಕೆಂಡು ಆಯಿತು ಅಂತ ಎಣಿಸಿ ಆ ಸಂಖ್ಯೆ ಇಡುತ್ತವೆ. ಅದೂ ನಮ್ಮ ಸಮಯದಲ್ಲಿ ಅಲ್ಲ, ಯುಟಿಸಿ ಅನ್ನುವ ವಿಶ್ವ ಸಮಯದಲ್ಲಿ. ಭಾರತದ ಗಂಟೆ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಕೆಲವು ವಿಡಿಯೋಗಳ ತಾರೀಖು 1904 ಅಂತ ಕಾಣುವುದೂ ಇದರಿಂದಲೇ. ಅದರಲ್ಲಿ ಯಾರೂ ಸಮಯ ತುಂಬಿಲ್ಲ, ಸೊನ್ನೆ ಇದೆ ಅಂತ ಅರ್ಥ.

ನಾನು ಗೊತ್ತಿಲ್ಲದೆ ಆ ವಿಡಿಯೋಗಳಿಗೆಲ್ಲ 5:30 ಕೂಡಿಸಿಬಿಟ್ಟೆ. ಕಂಪ್ಯೂಟರ್‌ನಲ್ಲಿ ಸರಿ ಕಂಡಿತು. ಖುಷಿಯಾಯಿತು. ಅದೇ ಫೈಲ್ ಅನ್ನು ಮೊಬೈಲ್‌ಗೆ ಹಾಕಿ ನೋಡಿದರೆ ಬೆಳಗ್ಗೆ 10:05! ಕತ್ತಲೆಯ ಗದ್ದೆ, ಗಂಟೆ ಮಾತ್ರ ಹತ್ತು. ಆಗ ಅರ್ಥ ಆಯಿತು. ಫೈಲ್ ಮೊದಲೇ ಸರಿ ಇತ್ತು. ನನ್ನ ಕಂಪ್ಯೂಟರ್‌ನ ಹಳೆಯ ಪ್ರೋಗ್ರಾಂ ಅದನ್ನು ಓದುವಾಗ ನಮ್ಮ ಗಂಟೆಗೆ ತಿರುಗಿಸಿಕೊಳ್ಳುತ್ತಿರಲಿಲ್ಲ. ತಪ್ಪು ಓದುವವರದ್ದು, ಬರೆದವರದ್ದಲ್ಲ. ನಾನು ಹೋಗಿ ಸರಿಯಾದ ಬರಹವನ್ನೇ ತಿದ್ದಿದ್ದೆ. ಹಳೆಯ ಪ್ರತಿಗಳು ಪಕ್ಕದಲ್ಲೇ ಇದ್ದವು, ಅದರಿಂದ ಬಚಾವಾದೆ.

ಹಾಗಂತ ಎಲ್ಲ ವಿಡಿಯೋಗಳನ್ನೂ ಹಾಗೇ ಬಿಡುವ ಹಾಗೂ ಇಲ್ಲ. ಎಷ್ಟೋ ಕ್ಯಾಮೆರಾಗಳು ಯುಟಿಸಿ ಬರೆಯಬೇಕಾದ ಆ ಜಾಗದಲ್ಲಿ ತಮ್ಮ ಗಡಿಯಾರದ ಸಮಯವನ್ನೇ ಬರೆದುಬಿಡುತ್ತವೆ. ಮಸ್ಕತ್ ಕ್ಯಾಮೆರಾ ಹಾಗೇ ಮಾಡಿತ್ತು. ಆದ್ದರಿಂದ ಪ್ರತಿ ಕ್ಯಾಮೆರಾದ ಒಂದು ವಿಡಿಯೋ, ಅದೇ ನಿಮಿಷದ ಒಂದು ಫೋಟೋ ಪಕ್ಕ ಪಕ್ಕ ಇಟ್ಟು ನೋಡಬೇಕು. ಬೆಳಕು ನೋಡಬೇಕು. ಒಂದು ಫೈಲ್ ತಿದ್ದಿ, ಎರಡು ಕಡೆ ತೆರೆದು ನೋಡಿ, ಆಮೇಲೆ ಉಳಿದದ್ದಕ್ಕೆ ಕೈ ಹಾಕಬೇಕು.

ವಾಟ್ಸಾಪ್‌ನಲ್ಲಿ ಬಂದ ಫೋಟೋಗಳ ವಿಷಯ ಬೇಗ ಮುಗಿಯುತ್ತದೆ, ಯಾಕೆಂದರೆ ಅವುಗಳಲ್ಲಿ ಚೀಟಿಯೇ ಇರುವುದಿಲ್ಲ. ಕಳಿಸುವಾಗ ಅದು ಕಿತ್ತು ಹೋಗಿರುತ್ತದೆ. ಫೈಲ್‌ನ ಹೆಸರಿನಲ್ಲಿ ಒಂದು ತಾರೀಖು ಇರುತ್ತದೆ, ಅದು ತೆಗೆದ ದಿನ ಅಂತ ನಂಬುವ ಹಾಗಿಲ್ಲ. ಪ್ರತಿ ಮಳೆಗಾಲದಲ್ಲೂ ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ತುಂಗೆಯಲ್ಲಿ ಮುಳುಗಿರುವ ಫೋಟೋ "ಇವತ್ತು ಬೆಳಗ್ಗೆ" ಅಂತ ನನಗೆ ಬರುತ್ತದೆ. ಒಂದು ವರ್ಷ ಬಂದದ್ದು 2019ರ ಆಗಸ್ಟ್‌ನ ನೆರೆಯ ಫೋಟೋ. ನಾನೇ ಅವತ್ತು ಸೇತುವೆಯ ಮೇಲೆ ನಿಂತು ತೆಗೆದದ್ದು! ಐದಾರು ಮನೆ ಸುತ್ತಿ ಹೊಸ ತಾರೀಖು ಹೊತ್ತು ನನ್ನ ಹತ್ತಿರವೇ ಬಂತು. ನದಿ ದಂಡೆಯ ಮನೆಯವರಿಗೆ ಅಂಥ ಫೋಟೋ ನೋಡಿದರೆ ಎಷ್ಟು ಗಾಬರಿ ಆಗಬೇಡ. ಈಗ ಮನೆಯವರಿಗೆಲ್ಲ ಹೇಳಿದ್ದೇನೆ. ಫೋಟೋ ಕಳಿಸುವಾಗ ಫೋಟೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ. ಆಗ ಚೀಟಿ ಹಾಗೇ ಬರುತ್ತದೆ.

ಹಳೆಯ ಆಲ್ಬಂಗಳಿಗೆ ಬಂದರೆ ಕೆಲಸ ಕಂಪ್ಯೂಟರ್‌ನಿಂದ ಎದ್ದು ಜಗುಲಿಗೆ ಹೋಗುತ್ತದೆ. 2021ರಲ್ಲಿ ನಾವು ಎಲ್ಲ ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿಸಿದ್ದೆವು. ಹಾಗಾಗಿ ಅಜ್ಜ, ಅಜ್ಜಿ, ಅಪ್ಪಯ್ಯನ ಮದುವೆ, ನನ್ನ ನಾಮಕರಣ ಎಲ್ಲವೂ 2021ರ ಒಂದೇ ವಾರದಲ್ಲಿ ನಡೆದವು ಅನ್ನುವ ಹಾಗೆ ಸಾಲಾಗಿ ನಿಂತಿದ್ದವು. ಎಕ್ಸಿಫ್‌ನ ಎರಡು ಜಾಗ ಇಲ್ಲಿ ಉಪಯೋಗಕ್ಕೆ ಬಂತು. ಡಿಜಿಟಲ್ ಆದದ್ದು 2021 ಅಂತ ಉಳಿಸಿ, ತೆಗೆದದ್ದು ಯಾವಾಗ ಅನ್ನುವ ಜಾಗಕ್ಕೆ ಹಳೆಯ ತಾರೀಖು ಹಾಕಿದೆ. ಆದರೆ ಆ ತಾರೀಖು ಸಿಗುವುದು ಹೇಗೆ?

ನಮ್ಮ ಕಡೆಯ ಹಿರಿಯರು ಇಸವಿ ಹೇಳುವುದಿಲ್ಲ. ಕೊಳೆ ರೋಗ ಬಂದು ತೋಟ ಹೋದ ವರ್ಷ ಅನ್ನುತ್ತಾರೆ. ಮಾರಿ ಜಾತ್ರೆ ವರ್ಷ ಅನ್ನುತ್ತಾರೆ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ಹಾಗಾಗಿ ಆ ಮಾತಿನಿಂದಲೇ ಮೂರರಲ್ಲಿ ಎರಡು ವರ್ಷ ಬಿಟ್ಟು ಹೋಗುತ್ತದೆ. ಎಲ್ಲಕ್ಕಿಂತ ದೊಡ್ಡ ಗೆರೆ ಒಂದಿದೆ: ಮುಳುಗಡೆಗೆ ಮುಂಚೆ, ಮುಳುಗಡೆ ಆದ ಮೇಲೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿಯ ನೀರು ನಿಂತು ಊರೂರೇ ಒಳಗೆ ಹೋದವು. ನಮ್ಮ ಅಜ್ಜನ ಮನೆಯೂ ಹೋಯಿತು. ಆ ಮನೆಯದ್ದು ಅಂತ ಉಳಿದಿರುವುದು ಒಂದೇ ಒಂದು ಫೋಟೋ.

ಅದನ್ನು ತೋರಿಸಿ ದೊಡ್ಡಪ್ಪನನ್ನು ಕೇಳಿದೆ. "ಮುಳುಗಡೆಗೆ ಮುಂಚಿಂದು" ಅಂದರು. ಅದು ನನಗೂ ಗೊತ್ತಿತ್ತು. ಸ್ವಲ್ಪ ಹೊತ್ತು ಕನ್ನಡಕ ಸರಿ ಮಾಡಿಕೊಂಡು ನೋಡಿ, "ಅಜ್ಜಿ ಕಂಕುಳಲ್ಲಿ ಇರೋ ಕೂಸು ನಿಮ್ಮತ್ತೆ ಮಾರಾಯ್ತಿ" ಅಂದರು. ಅತ್ತೆ ಹುಟ್ಟಿದ್ದು 1960ರ ಮಳೆಗಾಲದಲ್ಲಿ. ಫೋಟೋದ ಕೂಸಿಗೆ ಕುತ್ತಿಗೆ ನಿಂತಿದೆ, ಆದರೆ ಕೂರಿಸಿದರೆ ಕೂರುವ ಹಾಗೆ ಕಾಣುವುದಿಲ್ಲ. ಅಂಗಳದಲ್ಲಿ ಅಡಿಕೆ ಹರಡಿದೆ. ಅಂದರೆ ಕೊಯ್ಲಿನ ಕಾಲ, ಮಳೆ ಮುಗಿದಿದೆ. 1960ರ ಕೊನೆಯ ತಿಂಗಳು ಇರಬೇಕು, ಅಥವಾ 1961ರ ಜನವರಿ. ಇಸವಿಯೇ ಇಲ್ಲದ ಫೋಟೋ ಮೂರು ತಿಂಗಳ ಒಳಗೆ ಬಂದು ನಿಂತಿತು. ದೊಡ್ಡಪ್ಪ ಆಮೇಲೂ ಫೋಟೋ ಕೊಡಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಕೂತಿದ್ದರು. ಬಚ್ಚಲ ಮನೆ ಎಲ್ಲಿತ್ತು, ಕೊಟ್ಟಿಗೆ ಎಲ್ಲಿತ್ತು ಅಂತ ಬೆರಳಿಟ್ಟು ತೋರಿಸಿದರು.

ಇಂಥ ಫೋಟೋಗೆ ಏನು ಬರೆಯಬೇಕು? ಎಕ್ಸಿಫ್ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು ಎಲ್ಲ ಕೇಳುತ್ತದೆ. 1960ರ ಡಿಸೆಂಬರ್ 15, ಬೆಳಗ್ಗೆ ಹತ್ತು ಗಂಟೆ ಅಂತ ತುಂಬಿಬಿಡಬಹುದು. ಹಲವರು ಹಾಗೇ ಮಾಡುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಐವತ್ತು ವರ್ಷದ ಮೇಲೆ ಮನೆಯ ಮಕ್ಕಳು ಅದನ್ನು ನೋಡಿ ಡಿಸೆಂಬರ್ 15 ಅಂತಲೇ ನಂಬುತ್ತಾರೆ. ಅಂದಾಜು ಮತ್ತು ಗೊತ್ತಿರುವುದು ಎರಡೂ ಒಂದೇ ಥರ ಕಾಣಬಾರದು. ಎಕ್ಸ್‌ಎಂಪಿ ಅಂತ ಇನ್ನೊಂದು ಬಗೆಯ ಚೀಟಿ ಇದೆ, ಅದರಲ್ಲಿ ಬರೀ ಇಸವಿ, ಅಥವಾ ಇಸವಿ ಮತ್ತು ತಿಂಗಳು ಬರೆದರೂ ನಡೆಯುತ್ತದೆ. ಅದರಲ್ಲಿ 1960 ಅಂತ ಮಾತ್ರ ಹಾಕಿದೆ. ವಿವರಣೆಯ ಜಾಗದಲ್ಲಿ ಹೀಗೆ ಬರೆದೆ: "ಮುಳುಗಡೆಗೆ ಮುಂಚಿನ ಮನೆ. 1960ರ ಕೊನೆ ಅಥವಾ 1961ರ ಜನವರಿ. ಅಜ್ಜಿಯ ಕೈಯಲ್ಲಿರುವ ಕೂಸಿನ ವಯಸ್ಸು ಮತ್ತು ಅಂಗಳದ ಅಡಿಕೆ ನೋಡಿ ಅಂದಾಜು. ದೊಡ್ಡಪ್ಪ ಹೇಳಿದ್ದು." ನಾನು ಹಾಕಿದ ಪ್ರತಿ ತಾರೀಖಿಗೂ ಹೀಗೆ ಒಂದು ಸಾಲು ಇದೆ. ಅದು ಹೇಗೆ ಗೊತ್ತಾಯಿತು ಅನ್ನುವುದು ತಾರೀಖಿನಷ್ಟೇ ಮುಖ್ಯ.

ಹತ್ತಿರದ ವರ್ಷಗಳ ಫೋಟೋಗಳಿಗೂ ಊರೇ ಸಾಕ್ಷಿ ಹೇಳುತ್ತದೆ. ಸಿಗಂದೂರಿಗೆ ಹೋಗುವಾಗ ಹೊಳೆಬಾಗಿಲಿನ ಲಾಂಚ್‌ನಲ್ಲಿ ತೆಗೆದ ಫೋಟೋಗಳು ಎಲ್ಲರ ಮನೆಯಲ್ಲೂ ಇವೆ. ಹಿನ್ನೀರಿನಲ್ಲಿ ಏನೂ ಇಲ್ಲದಿದ್ದರೆ ಒಂದು ಕಾಲ, ಹೊಸ ಸೇತುವೆಯ ಅರ್ಧ ಎದ್ದ ಕಂಬಗಳಿದ್ದರೆ ಇನ್ನೊಂದು ಕಾಲ. ಸುಮಾರು 2.4 ಕಿಲೋಮೀಟರ್‌ನ ಆ ಸೇತುವೆ 2025ರ ಜುಲೈನಲ್ಲಿ ತೆರೆಯಿತು. ನೆರಳೂ ಸಾಕ್ಷಿ. ನಮ್ಮ ದೇಶದ ಗಂಟೆ 82.5 ಡಿಗ್ರಿ ರೇಖಾಂಶದ್ದು, ಶಿವಮೊಗ್ಗ ಇರುವುದು ಸುಮಾರು 75.6 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಹಾಗಾಗಿ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಹೆಚ್ಚುಕಡಿಮೆ ಹನ್ನೆರಡೂವರೆಗೆ. ಕಾಲಕ್ಕೆ ತಕ್ಕ ಹಾಗೆ ಹತ್ತು ಹದಿನೈದು ನಿಮಿಷ ಆಚೆ ಈಚೆ. ಅಂಗಳದ ನೆರಳು ಗಿಡ್ಡವಾಗಿದ್ದು ಫೋಟೋ ಬೆಳಗ್ಗೆ ಒಂಬತ್ತು ಅಂದರೆ ಅದು ಸುಳ್ಳು ಹೇಳುತ್ತಿದೆ ಅಂತ ತಿಳಿಯುತ್ತದೆ.

ಈಗ ಅಪ್ಪಯ್ಯನ ಕ್ಯಾಮೆರಾ.

ಸಣ್ಣದು, ಎರಡು ಪೆನ್ಸಿಲ್ ಸೆಲ್ ಹಾಕುವಂಥದ್ದು. ಹತ್ತು ವರ್ಷಕ್ಕೂ ಜಾಸ್ತಿ ಬಳಸಿದ್ದರು. ಇಂಥ ಕ್ಯಾಮೆರಾಗಳ ಒಳಗೆ ಗಡಿಯಾರಕ್ಕೆ ಅಂತಲೇ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಸೆಲ್ ಬದಲಾಯಿಸುವ ಹೊತ್ತಿನಲ್ಲಿ ಅದು ಗಡಿಯಾರವನ್ನು ನಡೆಸುತ್ತದೆ. ಅದು ಹಳತಾಗಿ ಸತ್ತರೆ ಪ್ರತಿ ಸಲ ಸೆಲ್ ತೆಗೆದು ಹಾಕಿದಾಗಲೂ ಗಡಿಯಾರ ಮೊದಲಿಗೆ ಹೋಗುತ್ತದೆ. ಅಪ್ಪಯ್ಯನ ಕ್ಯಾಮೆರಾದ ಮೊದಲು ಅಂದರೆ 2008ರ ಜನವರಿ 1, ನಡುರಾತ್ರಿ 00:00. ಹಾಗಾಗಿ ಅವರ ಕಾರ್ಡ್‌ನಲ್ಲಿದ್ದ ಮುನ್ನೂರ ಚಿಲ್ಲರೆ ಫೋಟೋಗಳಲ್ಲಿ ಬಹುಪಾಲು 2008ರ ಜನವರಿಯವು. ಮಳೆ, ಬಿಸಿಲು, ಹೂವು, ಹಣ್ಣು ಎಲ್ಲ ಒಂದೇ ಜನವರಿ.

ಎಷ್ಟೋ ದಿನ ಅದನ್ನು ತೆರೆಯುವುದು, ಮುಚ್ಚುವುದು ಮಾಡಿದೆ. ಆಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ತಾರೀಖು ಹಿಂದೆ ಹೋದರೂ ಫೈಲ್‌ನ ನಂಬರ್ ಹಿಂದೆ ಹೋಗಿಲ್ಲ. 212ನೇ ಫೋಟೋ ಜನವರಿ 11, 213ನೇದು ಮತ್ತೆ ಜನವರಿ 1. ಅಂದರೆ ಅವೆರಡರ ನಡುವೆ ಅಪ್ಪಯ್ಯ ಸೆಲ್ ಬದಲಾಯಿಸಿದ್ದಾರೆ. ಹೀಗೆ ನೋಡುತ್ತಾ ಹೋದರೆ ಇಡೀ ಕಾರ್ಡ್ ಒಂಬತ್ತು ಕಂತುಗಳಾಗಿ ಬಿಡಿಸಿಕೊಂಡಿತು. ಪ್ರತಿ ಕಂತಿನ ಒಳಗೆ ಗಡಿಯಾರ ಸರಿಯಾಗಿಯೇ ಓಡಿದೆ, ಶುರುವಾದ ಜಾಗ ಮಾತ್ರ ತಪ್ಪು. ಒಂದು ಕಂತಿನಲ್ಲಿ ಒಂದೇ ಒಂದು ಫೋಟೋದ ನಿಜ ಸಮಯ ಸಿಕ್ಕಿದರೆ ಸಾಕು, ಉಳಿದದ್ದೆಲ್ಲ ತಾನಾಗಿ ಸರಿ ಹೋಗುತ್ತದೆ.

ಆ ಒಂದು ಫೋಟೋ ಸಿಕ್ಕಿದ್ದು ಹೀಗೆ. ಒಂದು ಕಂತಿನಲ್ಲಿ ಬರೀ ನೆಲದ ಫೋಟೋಗಳು ಹನ್ನೊಂದು ಇದ್ದವು. ಕೈ ತಪ್ಪಿ ಒತ್ತಿರಬೇಕು ಅಂದುಕೊಂಡು ಮುಂದೆ ಹೋಗುತ್ತಿದ್ದೆ. ದೊಡ್ಡದು ಮಾಡಿ ನೋಡಿದರೆ ಅಂಗಳದ ಚಪ್ಪರದ ಸೋಗೆಯ ಸಂದಿನಿಂದ ಬಿಸಿಲು ಬಿದ್ದಿದೆ, ಮತ್ತು ಆ ಬಿಸಿಲಿನ ಚುಕ್ಕೆಗಳು ಯಾವುವೂ ದುಂಡಗಿಲ್ಲ. ಎಲ್ಲವೂ ಕುಡುಗೋಲಿನ ಹಾಗೆ ಬಾಗಿವೆ. ಸೂರ್ಯಗ್ರಹಣ!

2019ರ ಡಿಸೆಂಬರ್ 26, ಗುರುವಾರ. ಕೊಡಗಿನ ಕುಟ್ಟದ ಕಡೆ ಸೂರ್ಯ ಬಳೆಯ ಹಾಗೆ ಕಂಡ ದಿನ. ನಮ್ಮಲ್ಲಿ ಪೂರ್ತಿ ಬಳೆ ಆಗಲಿಲ್ಲ, ಆದರೆ ಮುಕ್ಕಾಲಿಗಿಂತ ಹೆಚ್ಚು ಮುಚ್ಚಿತ್ತು. ಸೋಗೆಯ ಒಂದೊಂದು ಸಣ್ಣ ತೂತೂ ನೆಲದ ಮೇಲೆ ಒಂದೊಂದು ಸೂರ್ಯನನ್ನು ಬಿಡಿಸುತ್ತದೆ. ಬೇರೆ ದಿನ ಅದು ದುಂಡಗಿರುವುದರಿಂದ ನಾವು ಗಮನಿಸುವುದಿಲ್ಲ. ಅಮ್ಮನನ್ನು ಕೇಳಿದೆ. "ಹೌದು, ಗ್ರಹಣ ಹಿಡಿದಾಗ ಹೊರಗೆ ಹೋಗಬೇಡಿ ಅಂದ್ರೂ ಕೇಳಲಿಲ್ಲ. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಎಂತದೋ ತೆಗೀತಾ ಇದ್ರು" ಅಂದಳು.

ಹನ್ನೊಂದು ಫೋಟೋಗಳಲ್ಲಿ ಕುಡುಗೋಲು ತೆಳ್ಳಗಾಗುತ್ತಾ ಹೋಗುತ್ತದೆ, ಆಮೇಲೆ ಇನ್ನೊಂದು ಕಡೆಯಿಂದ ದಪ್ಪಗಾಗುತ್ತದೆ. ಎಲ್ಲಕ್ಕಿಂತ ತೆಳ್ಳಗಿರುವ ಫೋಟೋದಲ್ಲಿ ಕ್ಯಾಮೆರಾ ಬರೆದಿದ್ದ ಸಮಯ 2008ರ ಜನವರಿ 9, 14:10. ನಮ್ಮ ಭಾಗದಲ್ಲಿ ಗ್ರಹಣದ ನಡುಘಟ್ಟ ಬೆಳಗ್ಗೆ 9:25ರ ಆಸುಪಾಸು. ನಾನು ಲೆಕ್ಕವನ್ನು ವರ್ಷ ತಿಂಗಳಲ್ಲಿ ಹಾಕಲಿಲ್ಲ. ತಿಂಗಳಿಗೆ ಒಮ್ಮೆ 31 ದಿನ, ಒಮ್ಮೆ 29. 2008 ಅಧಿಕ ವರ್ಷ, 2019 ಅಲ್ಲ. ಹಾಗೆ ಮಾಡಿದರೆ ಕೆಲವು ಫೋಟೋ ಒಂದೆರಡು ದಿನ ಜಾರಿ ಹೋಗುತ್ತವೆ. ದಿನಗಳಲ್ಲೇ ಎಣಿಸಿದೆ. 4368 ದಿನ, 19 ಗಂಟೆ, 15 ನಿಮಿಷ. ಇಷ್ಟನ್ನು ಆ ಕಂತಿನ ಎಲ್ಲ ಫೋಟೋಗಳಿಗೂ ಕೂಡಿಸಿದೆ.

ಸರಿಯಾಯಿತೋ ಇಲ್ಲವೋ ನೋಡಲು ಇನ್ನೊಂದು ಸಾಕ್ಷಿ ಬೇಕಲ್ಲ. ಅದೇ ಕಂತಿನಲ್ಲಿ ಅಣ್ಣನ ಮಗಳ ಹುಟ್ಟುಹಬ್ಬದ ಕೇಕ್ ಇತ್ತು. ಅವಳ ಹುಟ್ಟುಹಬ್ಬ ಡಿಸೆಂಬರ್ 22. ಆ ವರ್ಷ ಭಾನುವಾರ ಬಂದಿತ್ತು, ಅವರೆಲ್ಲ ಊರಿಗೆ ಬಂದಿದ್ದರು. ತಿದ್ದಿದ ಮೇಲೆ ನೋಡಿದೆ. ಕೇಕ್ ಡಿಸೆಂಬರ್ 22ಕ್ಕೇ ಬಂದು ಕೂತಿತ್ತು, ಸಂಜೆ 6:40. ಕಣ್ಣಲ್ಲಿ ನೀರು ಬಂತು. ಕೇಕ್ ನೋಡಿ ಯಾರಾದರೂ ಅಳುತ್ತಾರಾ, ಆದರೂ ಬಂತು.

ಇನ್ನೂ ಒಂದು ಗೊತ್ತಾಯಿತು, ನಾನು ಹುಡುಕದೇ ಇದ್ದದ್ದು. ಕ್ಯಾಮೆರಾದ 00:00 ಯಾವಾಗ ಅಂತ ಹಿಂದಕ್ಕೆ ಎಣಿಸಿದರೆ 2019ರ ಡಿಸೆಂಬರ್ 17, ಮಂಗಳವಾರ, ಸಂಜೆ 7:15. ಐದು ನಿಮಿಷ ಆಚೆ ಈಚೆ ಇರಬಹುದು. ಅಪ್ಪಯ್ಯ ಹೊಸ ಸೆಲ್ ಹಾಕಿದ ಹೊತ್ತು ಅದು. ಎರಡು ನಿಮಿಷದ ನಂತರ ಮೊದಲ ಫೋಟೋ. ಅಮ್ಮ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಾಳೆ. ಫೋಟೋ ಸ್ವಲ್ಪ ಅಲುಗಿದೆ. ಸೆಲ್ ಕೆಲಸ ಮಾಡುತ್ತದಾ ಅಂತ ನೋಡಲು ಒತ್ತಿದ್ದಿರಬೇಕು. ಅಮ್ಮ ತಲೆ ಎತ್ತಿ ನೋಡುತ್ತಿದ್ದಾಳೆ, ಏನೋ ಹೇಳುತ್ತಿರುವ ಹಾಗೆ ಬಾಯಿ ತೆರೆದಿದೆ. ಅಪ್ಪಯ್ಯನ ಒಂದು ಸಾಧಾರಣ ಮಂಗಳವಾರದ ಸಂಜೆ, ಅವರು ಎಲ್ಲಿ ನಿಂತಿದ್ದರು, ಏನು ಮಾಡುತ್ತಿದ್ದರು, ಯಾರನ್ನು ನೋಡುತ್ತಿದ್ದರು, ಎಲ್ಲ ನಿಮಿಷದ ಲೆಕ್ಕದಲ್ಲಿ ನನಗೆ ಸಿಕ್ಕಿತು. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಫೋಟೋ ನಂಗೆ ಒಂದು ತೆಗೆಸಿ ಕೊಡೇ" ಅಂದಳು.

ಒಂಬತ್ತು ಕಂತುಗಳಲ್ಲಿ ಆರು ಸರಿ ಹೋಗಿವೆ. ಒಂದಕ್ಕೆ ದಿನಪತ್ರಿಕೆ ಸಾಕ್ಷಿ ಆಯಿತು, ಒಂದಕ್ಕೆ ಮಂಡಿಯ ಚೀಟಿ. ಎರಡು ಕಂತುಗಳಿಗೆ ಕಾಲ ಮಾತ್ರ ಗೊತ್ತು, ತಾರೀಖು ಗೊತ್ತಿಲ್ಲ, ಹಾಗಂತಲೇ ಬರೆದಿದ್ದೇನೆ. ಉಳಿದದ್ದು ಕೊನೆಯ ಕಂತು. ಮೂರೇ ಫೋಟೋ. ಮಂಜಿನಲ್ಲಿ ತೋಟ. ಅಂಗಳದ ದಣಪೆ. ಮೂರನೆಯದರಲ್ಲಿ ಅಪ್ಪಯ್ಯನದೇ ಎಡಗೈ, ಅಂಗೈ ತುಂಬ ಅಪ್ಪೆಮಿಡಿ. ಅವುಗಳ ತಾರೀಖು 2008ರ ಜನವರಿ 1, 00:04 ಅಂತಲೇ ಇದೆ. ನಾನು ಮುಟ್ಟಿಲ್ಲ.

ಅಮ್ಮ ಆ ಮೂರನೆಯ ಫೋಟೋವನ್ನು ಬಹಳ ಹೊತ್ತು ನೋಡಿದಳು. ಇದು ಹೊಳೆ ಅಂಚಿನ ಮರದ ಮಿಡಿ ಇರಬೇಕು ಅಂದಳು. ಆ ಮರ ಎಲ್ಲ ವರ್ಷವೂ ಬಿಡುವುದಿಲ್ಲ. ಬಿಟ್ಟ ವರ್ಷ ಅಪ್ಪಯ್ಯ ಮೊದಲ ಮಿಡಿ ಅತ್ತೆಗೆ ಕಳಿಸುತ್ತಿದ್ದರಂತೆ. ತೊಟ್ಟು ನೋಡಿದರೆ ಯಾವ ಮರದ್ದು ಅಂತ ಅತ್ತೆ ಹೇಳುತ್ತಾರೆ, ಯಾವ ವರ್ಷ ಎಷ್ಟು ಭರಣಿ ಹಾಕಿದ್ದು ಅಂತಲೂ ಅವರಿಗೆ ನೆನಪಿರುತ್ತದೆ.

ಅತ್ತೆ ಶಿವರಾತ್ರಿಗೆ ಬರುತ್ತಾರೆ. ತೊಟ್ಟು ಚೆನ್ನಾಗಿ ಕಾಣುವ ಹಾಗೆ ಆ ಫೋಟೋವನ್ನು ದೊಡ್ಡದು ಮಾಡಿ ಮೊಬೈಲ್‌ಗೆ ಹಾಕಿಕೊಂಡಿದ್ದೇನೆ.